ಹಾಡು ನಿಂತರೆ ಬ್ರೇಕು

ನಮ್ಮ ಇಂಡಿ ಊರಿನಲ್ಲಿ ಕರೆಂಟು ಹೋದರೆ ಜನ ಬೈಯುತ್ತಾರೆ. ಪರಪ್ಪ ಮಾತ್ರ ಬ್ರೇಕು ಹಿಡಿಯುತ್ತಾನೆ.

ಅವನದು ಹಿಟ್ಟಿನ ಗಿರಣಿ. ಸಿಂದಗಿ ರಸ್ತೆಗೆ ಹೊರಳಿದ ಕೂಡಲೇ ಎಡಗಡೆ ಸಿಗುತ್ತದೆ, ಅದರ ಎದುರಿಗೇ ನನ್ನ ಸೈಕಲ್ ರಿಪೇರಿ ಅಂಗಡಿ. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ಈ ಆಟ ನನ್ನ ಕಣ್ಣಿಗೆ ಬೀಳುತ್ತದೆ. ಗಿರಣಿ ಗರಗರ ತಿರುಗುತ್ತಿರುತ್ತದೆ, ಇವನು ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಯಾರದೋ ಡಬ್ಬಿ ತುಂಬುತ್ತಿರುತ್ತಾನೆ. ಕರೆಂಟು ಹೋಗಿ ಸದ್ದು ನಿಲ್ಲುತ್ತದೆ. ಆ ಕ್ಷಣಕ್ಕೆ ಅವನ ಎರಡೂ ಕೈ ಮುಂದಕ್ಕೆ ಬಂದು ಬೆರಳುಗಳು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಡಬ್ಬಿ ಕೆಳಗೆ ಬೀಳುತ್ತದೆ. ಹೊಸದಾಗಿ ಬಂದ ಹೆಂಗಸರು ಮೂರ್ಛೆ ಬಂತೆಂದು ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸಲು ಓಡಿ ಬರುತ್ತಾರೆ. ಹಳಬರು ಸುಮ್ಮನೆ ತಮ್ಮ ಹಿಟ್ಟು ಬಳಿದುಕೊಳ್ಳುತ್ತಾರೆ.

ಮನೆಯಲ್ಲೂ ಅಷ್ಟೇ. ಅವನ ಹೆಂಡತಿ ವಿಜಯಶ್ರೀ ಟಿವಿಯನ್ನು ಒಮ್ಮೆಲೇ ಬಂದ್ ಮಾಡುವುದಿಲ್ಲ. ದನಿಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಾಡುತ್ತ ಬಂದು ಆಮೇಲೆ ಆರಿಸುತ್ತಾಳೆ. ಮಿಕ್ಸರು ಹಚ್ಚುವ ಮೊದಲು ಅವನ ಕೈಯಲ್ಲಿ ಚಹಾ ಕಪ್ಪು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾಳೆ. ಎಂಟು ವರ್ಷದಿಂದ ಆ ಮನೆ ಹೀಗೇ ನಡೆದಿದೆ.

ಇದಕ್ಕೆಲ್ಲ ಮೂಲ ನಾನು. ಶಹಾಬುದ್ದೀನ ಅಂದರೆ ಪಂಕ್ಚರ್ ತಿದ್ದುವವನು ಎಂದಷ್ಟೇ ಊರಿಗೆ ಗೊತ್ತು. ಈ ಮಾತು ಗೊತ್ತಿರುವವರು ಕಮ್ಮಿ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಆಗ ನಾವು ಮೂವರು ಜೊತೆಗೆ ಸೈಕಲ್ ಹೊಡೆಯುತ್ತಿದ್ದೆವು. ನಾನು, ಅಪ್ಪನ ನಿಂಬೆ ತೋಟ ನೋಡಿಕೊಂಡಿದ್ದ ಪರಪ್ಪ, ಕನ್ನಡ ಶಾಲೆಯ ಮಾಸ್ತರ ಅನಿಲಕುಮಾರ. ಮೂವರಿಗೂ ನಲವತ್ತು ಹತ್ತಿರ ಬಂದಿತ್ತು. ಯಾವ ಪಂದ್ಯದಲ್ಲೂ ನಾಲ್ಕನೇ ನಂಬರಿಗಿಂತ ಮೇಲೆ ಬಂದವರಲ್ಲ. ನಮ್ಮ ಜಿಲ್ಲೆಯಲ್ಲಿ ಸೈಕಲ್ ಹುಚ್ಚು ನಿನ್ನೆ ಮೊನ್ನೆಯದಲ್ಲ. ಹಾಲಿನ ಕ್ಯಾನು ಹೇರಿಕೊಂಡು ಹೋಗುವವನೂ ಪಕ್ಕದವನನ್ನು ಹಿಂದೆ ಹಾಕಲು ನೋಡುತ್ತಾನೆ. ನಮಗೆ ಆ ಹುಚ್ಚು ಸ್ವಲ್ಪ ತಲೆಗೇರಿತ್ತು, ಅಷ್ಟೇ. ಬೆಳಿಗ್ಗೆ ಆರಕ್ಕೆ ಹೊರಟು, ಮೈಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡುವುದು. ಉಳಿದದ್ದನ್ನೂ ಖಾಲಿ ಮಾಡಿ, ಮೋರಿ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತ ನಗುವುದು. ಅದರ ರುಚಿ ಹತ್ತಿದವರಿಗೇ ಗೊತ್ತು.

ಒಬ್ಬನೇ ಹೊಡೆದರೆ ಕಾಲು ತನಗೆ ಗೊತ್ತಿರುವ ವೇಗದಲ್ಲೇ ತಿರುಗುತ್ತದೆ. ಹೊಸ ವೇಗ ಕಲಿಸಬೇಕಾದರೆ ಗಾಳಿ ಮರೆ ಬೇಕು. ಮುಂದೆ ಒಂದು ಗಾಡಿಯೋ ಮತ್ತೊಬ್ಬ ಸವಾರನೋ ಗಾಳಿ ಸೀಳುತ್ತ ಹೋದರೆ, ಅದರ ಬೆನ್ನಿಗೆ ಅಂಟಿಕೊಂಡವನು ತನ್ನ ತಾಕತ್ತಿಗೆ ಮೀರಿ ಓಡುತ್ತಾನೆ. ಚಳಿಗಾಲದಲ್ಲಿ ಸಿಂದಗಿ ಕಡೆಗೆ ಹೋಗುವಾಗ ಮೂಡಗಾಳಿ ಎದೆಗೇ ಬಡಿಯುತ್ತದೆ. ಅದೇ ಕಬ್ಬಿನ ಸುಗ್ಗಿಯ ಕಾಲ. ಕಾರ್ಖಾನೆಗೆ ಕಬ್ಬು ಸುರಿದು ಹೊಲಕ್ಕೆ ಮರಳುವ ಖಾಲಿ ಟ್ರ್ಯಾಕ್ಟರುಗಳು ಹಿಂದಿನ ಹಲಗೆ ಎತ್ತಿ ಕಟ್ಟಿಕೊಂಡು ಜೋರಾಗಿ ಬರುತ್ತವೆ. ನಮಗೆ ಅದೇ ಗೋಡೆ. ಅಪಾಯ ಗೊತ್ತಿರಲಿಲ್ಲವೆಂದಲ್ಲ. ಟ್ರೇಲರಿಗೆ ಹಿಂದೆ ಕೆಂಪು ದೀಪವಿರುವುದಿಲ್ಲ, ಚಾಲಕ ಯಾವಾಗ ಬ್ರೇಕು ಹಾಕುತ್ತಾನೆಂದು ತಿಳಿಯುವುದಿಲ್ಲ. ಮೇಲಾಗಿ ಕಬ್ಬಿನ ಟ್ರ್ಯಾಕ್ಟರೆಂದರೆ ಊರಿಗೇ ಕೇಳುವಂಥ ಹಾಡು. ಕೂಗಿದರೂ ಯಾರಿಗೂ ಕೇಳದು.

ಆಗ ನನ್ನ ತಲೆ ಓಡಿತು. ಬಾಬುಲಾಲ ಎಂಬ ಚಾಲಕ ನಮ್ಮ ಪರಿಚಯದವನು, ಮರ್ಯಾದಸ್ಥ. ಅವನಿಗೆ ಹೇಳಿದೆ: "ಬಾಬು, ಬ್ರೇಕ್ ಹಾಕೂ ಮದ್ಲ ಟೇಪ್ ಬಂದ್ ಮಾಡು. ಹಾಡ ನಿಂತ್ರ ನಾವೂ ಬ್ರೇಕ್ ಹಿಡೀತೇವಿ."

"ಭಾರಿ ಐತಲ್ಲೋ ನಿನ್ನ ತಲಿ," ಅಂದ ಅವನು.

ನಿಜಕ್ಕೂ ಭಾರಿಯೇ ಇತ್ತು. ಎರಡು ಸುಗ್ಗಿ ಒಂದೂ ಗಾಯವಿಲ್ಲದೆ ಕಳೆದವು. ಹಾಡು ನಿಂತ ಕೂಡಲೇ, ಬುದ್ಧಿಗೆ ತಿಳಿಯುವ ಮೊದಲೇ, ಮುಂದಿರುತ್ತಿದ್ದ ಪರಪ್ಪನ ಕೈ ಬ್ರೇಕಿಗೆ ಹೋಗುವಷ್ಟು ರೂಢಿಯಾಯಿತು. ಇನ್ನೊಂದು ರೂಢಿಯೂ ಇತ್ತು. ಮುಂದಿನವನು ಹಿಂದೆ ಹೊರಳಿ ನೋಡುವಂತಿಲ್ಲ. ಅದಕ್ಕೆ ಹಿಂದಿನವನು ಇದ್ದಾನೋ ಇಲ್ಲವೋ ತಿಳಿಯಲು ಆಗಾಗ "ಅದೀಯೇನ?" ಎಂದು ಕೂಗುತ್ತಿದ್ದ. ಹಿಂದಿನವನು "ಅದೀನಿ" ಅನ್ನಬೇಕು. ಓಗೊಡದಿದ್ದರೆ ಅವನು ಸೋತು ಹಿಂದೆ ಬಿದ್ದಿದ್ದಾನೆಂದು ಅರ್ಥ. ಅನಿಲಕುಮಾರ ಸೋಲುತ್ತಿರಲಿಲ್ಲ. ಉಸಿರು ಸಿಗದೆ ಸಾಯುತ್ತಿದ್ದರೂ ಹಾಜರಿ ಕೂಗುವ ಹುಡುಗನ ಹಾಗೆ "ಅದೀನಿ!" ಎಂದು ಒದರುತ್ತಿದ್ದ.

ಎರಡು ಸಾವಿರದ ಹದಿನೇಳರ ಜನವರಿ, ಒಂದು ರವಿವಾರ. ನನ್ನ ಹಿಂದಿನ ಗಾಲಿ ಅಂಗಡಿಯ ಮುಂದೆಯೇ ಪಂಕ್ಚರಾಗಿತ್ತು. ಅದನ್ನು ತಿದ್ದಿಕೊಂಡು ಹೊರಡುವಷ್ಟರಲ್ಲಿ ಅವರಿಬ್ಬರೂ ಬಾಬುಲಾಲನ ಹಿಂದೆ ಬಹಳ ದೂರ ಹೋಗಿದ್ದರು. ಪರಪ್ಪ ಟ್ರೇಲರಿನ ಹಿಂದೆ, ಪರಪ್ಪನ ಗಾಲಿಗೆ ಒಂದು ಗೇಣು ಬಿಟ್ಟು ಅನಿಲಕುಮಾರ. ಒಂದು ಮೋರಿಯ ಹತ್ತಿರ ರಸ್ತೆಗೆ ಹತ್ತಿದ ಮನೆಯೊಂದರ ಮುಂದೆ ಜನ ಕೂತಿದ್ದರು, ಒಳಗೆ ಹೆಂಗಸರು ಅಳುತ್ತಿದ್ದರು. ಯಾರೋ ಮುದುಕಿ ಬೆಳಗಿನ ಜಾವ ತೀರಿಕೊಂಡಿದ್ದಳಂತೆ. ಸತ್ತ ಮನೆಯ ಮುಂದೆ ಹಾಡು ಹಚ್ಚಿಕೊಂಡು ಹೋಗುವವನು ಮನುಷ್ಯನೇ? ಬಾಬುಲಾಲ ಟೇಪು ಬಂದ್ ಮಾಡಿದ. ಬ್ರೇಕು ಹಾಕಲಿಲ್ಲ. ಹಾಕುವ ಕಾರಣವೇ ಇರಲಿಲ್ಲ.

ಹಾಡು ನಿಂತಿತು. ಪರಪ್ಪನ ಕೈ ಬ್ರೇಕು ಹಿಡಿಯಿತು. ಟ್ರ್ಯಾಕ್ಟರು ತನ್ನಷ್ಟಕ್ಕೆ ಮುಂದೆ ಹೋಯಿತು. ಅಳುವ ಮನೆ ಕಂಡು, ಹಾಡು ನಿಂತದ್ದು ಬ್ರೇಕಿಗಲ್ಲವೆಂದು ಅನಿಲಕುಮಾರ ತಿಳಿದಿರಬೇಕು, ಅವನು ಹಿಡಿಯಲಿಲ್ಲ.

ಅನಿಲಕುಮಾರನ ಮುಂದಿನ ಗಾಲಿ ಪರಪ್ಪನ ಹಿಂದಿನ ಗಾಲಿಗೆ ತಾಗಿ, ಅನಿಲಕುಮಾರ ಎಗರಿ ಬಿದ್ದ. ತಲೆಗೆ ಹೆಲ್ಮೆಟ್ ಇರಲಿಲ್ಲ, ಚಳಿಗೆ ಸುತ್ತಿಕೊಂಡ ಟಾವೆಲ್ಲು ಇತ್ತು. ಮೋರಿ ಕಟ್ಟೆಗೆ ತಲೆ ಬಡಿಯಿತು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಳುವ ಮನೆಯ ಜನವೆಲ್ಲ ಇತ್ತ ಓಡಿ ಬಂದಿತ್ತು. ಪರಪ್ಪ ಆಗಲೂ ಸೈಕಲ್ಲಿನ ಮೇಲೆಯೇ ಒಂದು ಕಾಲು ಊರಿ ನಿಂತಿದ್ದ. ಬ್ರೇಕಿನ ಹಿಡಿಕೆ ಬಿಟ್ಟಿರಲಿಲ್ಲ. ಹಿಂದೆ ಹೊರಳಿ ನೋಡದೆ ಮತ್ತೆ ಮತ್ತೆ ಕೇಳುತ್ತಿದ್ದ: "ಅದೀಯೇನ? ಅನಿಲ್ಯಾ, ಅದೀಯೇನ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಯಾರ ಮೇಲೆ ಹಾಕೋಣ ಈ ತಪ್ಪನ್ನು? ಬಾಬುಲಾಲ ಮಾಡಿದ್ದು ಮರ್ಯಾದೆ. ಪರಪ್ಪ ಮಾಡಿದ್ದು ಕಲಿತ ಪಾಠ. ಪಾಠ ಕಲಿಸಿದವನು ನಾನು. ಪೊಲೀಸರ ಕಾಗದದಲ್ಲಿ ಆಕಸ್ಮಿಕ ಸಾವು ಎಂದು ಬರೆದರು. ನನ್ನ ಎದೆಯಲ್ಲಿ ಹಾಗೆ ಬರೆದಿಲ್ಲ. ಬಾಬುಲಾಲ ಇಂದಿಗೂ ಹಾಡು ಹಚ್ಚುವುದಿಲ್ಲ. ಸುಗ್ಗಿಯಲ್ಲಿ ಸದ್ದಿಲ್ಲದೆ ಬರುವ ಟ್ರ್ಯಾಕ್ಟರು ಯಾವುದಾದರೂ ಕಂಡರೆ ಅದು ಅವನದೇ. ನಾನು ಸೈಕಲ್ಲನ್ನು ಅಂಗಡಿಯ ಅಟ್ಟಕ್ಕೆ ಏರಿಸಿ ಹೊಟ್ಟೆ ಬೆಳೆಸಿದೆ. ಪರಪ್ಪ ತೋಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಗಿರಣಿ ಇಟ್ಟ.

"ಸುಡುಗಾಡು ಗಿರಣಿ ಯಾಕೋ ನಿನಗ?" ಎಂದು ಕೇಳಿದ್ದೆ.

"ಸಪ್ಪಳ ಬೇಕೋ ಶಹಾಬು," ಅಂದ. "ತೋಟದಾಗ ಭಾಳ ಶಾಂತ ಐತಿ."

ನಾನು ಬಿಟ್ಟೆ, ಅವನು ಬಿಡಲಿಲ್ಲ. ಒಬ್ಬನೇ ಹೊಡೆಯತೊಡಗಿದ. ಬೇರೆ ಯಾರಾದರೂ ಬಂದು ಅವನ ಬೆನ್ನಿಗೆ ಅಂಟಿಕೊಂಡರೆ ಕೂಡಲೇ ಇಳಿದು ಸೈಕಲ್ಲು ನೂಕಿಕೊಂಡು ನಡೆಯುತ್ತಿದ್ದ. ಒಂದು ಏಪ್ರಿಲ್‌ನಲ್ಲಿ, ನಾಯಿ ಕೂಡ ನೆರಳು ಬಿಟ್ಟು ಕದಲದ ಬಿಸಿಲಿನಲ್ಲಿ, ಇಂಡಿಯಿಂದ ಸಿಂದಗಿ, ಅಲ್ಲಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ ಎಂದು ನಾಲ್ಕು ತಾಲೂಕು ಒಂದೇ ದಿನಕ್ಕೆ ಹೊಡೆಯಲು ಹೊರಟ. ಮುದ್ದೇಬಿಹಾಳ ಇನ್ನೇನು ಬಂತು ಅನ್ನುವಾಗ ರಸ್ತೆ ಬದಿಗೆ ಬಿದ್ದಿದ್ದ. ಟೆಂಪೊದ ಟಾಪಿನ ಮೇಲೆ ಸೈಕಲ್ಲು, ಒಳಗೆ ಇವನು, ಹಾಗೆ ಊರು ಮುಟ್ಟಿದ. ನಾನು ಬಾಯಿಗೆ ಬಂದಂತೆ ಬೈದೆ. ಸಲಾಯಿನ್ ಹಚ್ಚಿಕೊಂಡು ಮಲಗಿದವನು ಎಲ್ಲ ಕೇಳಿಸಿಕೊಂಡು ಸಣ್ಣ ದನಿಯಲ್ಲಿ ಹೇಳಿದ:

"ನನ್ನ ತಾಕತ್ತ ಎಷ್ಟೈತಿ ಅಂತ ನೋಡಾಕ ಹೋಗಿರಲಿಲ್ಲೋ. ಅವಂದು ಎಷ್ಟೈತಿ ಅಂತ ನೋಡಾಕ ಹೋಗಿದ್ದೆ."

"ಯಾರದು?"

"ಅನಿಲ್ಯಾಂದು. ನಾ ಒಬ್ಬನ ಹೊಂಟಾಗ ಸುಮ್ಮನ ರೂಢಿ ಮ್ಯಾಲ ಕೂಗತೇನಿ, 'ಅದೀಯೇನ?' ಅಂತ. ಹಿಂದಿಂದ 'ಅದೀನಿ' ಅಂತಾನ. ಎಷ್ಟ ಜೋರ್ ಹೊಡದ್ರೂ ಹಿಂದ ಬೀಳವಲ್ಲ. ಎಲ್ಲರೆ ಒಂದ ಕಡೆ ಸೋತ ಉಳೀತಾನ ಅನ್ಕೊಂಡಿದ್ದೆ. ನಾನ ಬಿದ್ದೆ."

ದೆವ್ವ ಭೂತಗಳನ್ನು ನಾನು ನಂಬುವವನಲ್ಲ. ಆದರೆ ಆ ಮೇಲೆ ಸಿಂದಗಿ ರಸ್ತೆಗೆ ಮೋಟರ್ ಸೈಕಲ್ಲಿನಲ್ಲಿ ಹೋಗುವಾಗಲೂ ಕನ್ನಡಿ ನೋಡಲು ಒಂದು ಥರ ಆಗುತ್ತಿತ್ತು. ಅಂದಿನಿಂದ ಪರಪ್ಪ ಕೂಗುವುದನ್ನು ಬಿಟ್ಟ. ಬಾಯಿ ಬಿಗಿ ಹಿಡಿದು ಹೊಡೆಯುತ್ತಿದ್ದ.

ಅನಿಲಕುಮಾರನ ತಾಯಿ ಗುಂಡವ್ವನ ಮನೆ ಊರಿನ ಆ ತುದಿಗಿದೆ. ಅಲ್ಲಿಯೇ ಮನೆಯ ಹತ್ತಿರ ಒಂದು ಗಿರಣಿಯುಂಟು. ಆದರೂ ಮುದುಕಿ ಎಂಟು ವರ್ಷ ಪ್ರತಿ ಸೋಮವಾರ ಜೋಳದ ಬುಟ್ಟಿ ಹೊತ್ತು ಪರಪ್ಪನ ಗಿರಣಿಗೇ ಬಂದಳು. ಬೈಯಲಿಲ್ಲ, ಅಳಲಿಲ್ಲ. ಹಿಟ್ಟಾಗುವ ತನಕ ಕಟ್ಟೆಯ ಮೇಲೆ ಕೂತು ಅವನ ಕೈಗಳನ್ನೇ ನೋಡುವಳು, ಎದ್ದು ಹೋಗುವಳು. ಅವನು ಅವಳಿಗೆ ಬೀಸುವಾಗ ಜರಡಿ ಎರಡು ಸಲ ಹಿಡಿಯುತ್ತಿದ್ದ. ಸೋಮವಾರ ಬಂತೆಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೋದ ವರ್ಷ ಡಿಸೆಂಬರಿನ ಒಂದು ಸೋಮವಾರ ಗುಂಡವ್ವ ಬಾಯಿ ಬಿಟ್ಟಳು. ನಾನೂ ಅಲ್ಲಿದ್ದೆ, ನಮ್ಮ ಮನೆಯ ಗೋಧಿ ಹಿಡಿದು.

"ಕೋಮಲ ಟ್ರ್ಯಾಕ್ಟರ್ ಹಿಂದ ಹೊಂಟಾಳಂತ," ಅಂದಳು.

ಕೋಮಲ ಅನಿಲಕುಮಾರನ ಒಬ್ಬಳೇ ಮಗಳು. ಅಪ್ಪ ಹೋದಾಗ ಎಂಟು ವರ್ಷ, ಈಗ ಹದಿನಾರು. ವಿಜಯಪುರದಲ್ಲಿ ಸೈಕಲ್ ಕ್ರೀಡಾ ನಿಲಯದ ಆಯ್ಕೆಗೆ ಹಿಂದಿನ ಸಲ ಹೋಗಿ ಹನ್ನೊಂದು ಸೆಕೆಂಡಿನಿಂದ ಸೋತು ಬಂದಿದ್ದಳು. ಈ ಸಲದ ಆಯ್ಕೆ ಫೆಬ್ರುವರಿಯಲ್ಲಿ. ವಯಸ್ಸಿನ ಲೆಕ್ಕಕ್ಕೆ ಇದೇ ಕಡೆಯ ಅವಕಾಶ. ಹನ್ನೊಂದು ಸೆಕೆಂಡು ಎಲ್ಲಿ ಸಿಗುತ್ತದೆಂದು ಹುಡುಕಿದ ಹುಡುಗಿಗೆ, ಅಪ್ಪನಿಗೆ ಹೊಳೆದದ್ದೇ ಹೊಳೆದಿತ್ತು. ಗುರುತಿಲ್ಲದ ಚಾಲಕರ ಹಿಂದೆ, ಯಾವ ಸಂಕೇತವೂ ಇಲ್ಲದೆ.

"ಬ್ಯಾಡ ಅಂತ ಹೇಳಬೇ ಯವ್ವಾ," ಅಂದ ಪರಪ್ಪ. ಅವನ ದನಿ ಒಣಗಿತ್ತು.

"ಅವರಪ್ಪಗ ಹೇಳಿದ್ನಲ್ಲ ನಾ, ಕೇಳಿದ್ನೇನು? ಇಕಿ ಕೇಳತಾಳ?" ಮುದುಕಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಎದ್ದಳು. "ಟ್ರ್ಯಾಕ್ಟರ್ ಹಿಂದ ಬ್ಯಾಡ. ನಿನ್ನ ಹಿಂದ ಕರಕೊಂಡು ಹೋಗು, ತಮ್ಮಾ."

ಪರಪ್ಪ ಗಿರಣಿ ಹಚ್ಚಿದ. ನನ್ನ ಗೋಧಿಯನ್ನೂ ಒಳಗೆ ಹಾಕಲಿಲ್ಲ, ಸುಮ್ಮನೆ ಹಚ್ಚಿದ. ಗಿರಣಿ ಬರಿದೇ ತಿರುಗುತ್ತಿತ್ತು, ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಮೂರನೇ ದಿನ ಅಂಗಡಿಗೆ ಬಂದು ಸೈಕಲ್ಲು ನನ್ನ ಮುಂದೆ ನಿಲ್ಲಿಸಿದ. "ಎರಡೂ ಬ್ರೇಕಿನ ವೈರ್ ಬಿಚ್ಚು."

"ತಲಿ ಸರಿ ಐತೇನ?"

"ಕೈ ಸರಿ ಇಲ್ಲ. ಆಕಿ ಹಿಂದ ಇದ್ದಾಗ ಯಾವುದರೆ ಸಪ್ಪಳ ನಿಂತ್ರ ನಾ ಹಿಡದ ಬಿಡತೇನಿ. ಹಿಡದ್ರೂ ಹತ್ತಬಾರದು, ಹಂಗ ಮಾಡು."

"ಎಮ್ಮಿ ಅಡ್ಡ ಬಂದ್ರ?"

"ನಾ ಹೊಲದಾಗ ಹೊಕ್ಕೇನಿ. ರಸ್ತಾ ಆಕಿಗಿ ಬಿಡತೇನಿ."

ನಾನು ನಟ್ಟು ಬಿಚ್ಚುವ ಪಾನಾ ಬಿಸಾಡಿದೆ. ಇಪ್ಪತ್ತೈದು ವರ್ಷ ಬ್ರೇಕು ಹಾಕಿದ ಕೈ ಇದು, ಬಿಚ್ಚುವ ಕೈಯಲ್ಲ ಎಂದೆ. ಅವನು ನನ್ನನ್ನೇ ನೋಡಿದ. "ಹಾಡು ನಿಂತ್ರ ಬ್ರೇಕ್ ಹಿಡಿ ಅಂತ ಕಲಿಸಿದಾಂವ ನೀನು. ಈಗ ಬಿಡಸೂದೂ ನಿಂದ ಕೆಲಸ," ಅಂದ. ಎಂಟು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೊಂದೇ ಸಲ. ನಾನು ವೈರು ಬಿಚ್ಚಿಕೊಟ್ಟೆ. ನನ್ನ ಜೀವಮಾನದಲ್ಲಿ ಮಾಡಿದ ಕೆಟ್ಟ ರಿಪೇರಿ ಅದು. ಒಂದು ಷರತ್ತು ಹಾಕಿದೆ: ನಾನು ಮೋಟರ್ ಸೈಕಲ್ಲಿನಲ್ಲಿ ಮುಂದೆ ಇರುತ್ತೇನೆ, ದನ ಕುರಿ ಏನಿದ್ದರೂ ದಾರಿ ಬಿಡಿಸುತ್ತೇನೆ.

ಹಾಗೆ ರವಿವಾರ ಹೊರಟೆವು. ಹುಡುಗಿಗೆ ಏನೂ ಹೇಳಿರಲಿಲ್ಲ. ಅವಳದು ಅಪ್ಪನದೇ ಮೈಕಟ್ಟು, ಅಪ್ಪನ ಹಾಗೆಯೇ ತಲೆ ತಗ್ಗಿಸಿ ಹೊಡೆಯುತ್ತಾಳೆ. ಕನ್ನಡಿಯಲ್ಲಿ ನೋಡಿದರೆ ಪರಪ್ಪನ ಹಿಂದೆ ಒಂದು ಗೇಣಿಗೆ ಆ ತಲೆ.

ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾಡು ಹೊಡೆಯುತ್ತ ಬಂತು. ಚಾಲಕನಿಗೆ ಫೋನು ಬಂತೋ ಏನೋ, ನಮ್ಮ ಸರಿಸಮಕ್ಕೆ ಬಂದಾಗ ಟಕ್ಕನೆ ಟೇಪು ಬಂದ್ ಮಾಡಿದ. ಕನ್ನಡಿಯಲ್ಲಿ ಕಂಡೆ. ಪರಪ್ಪನ ಎರಡೂ ಬ್ರೇಕಿನ ಹಿಡಿಕೆಗಳು ಹ್ಯಾಂಡಲಿಗೆ ಹತ್ತಿ ಕೂತವು. ಸೈಕಲ್ಲು ಓಡುತ್ತಲೇ ಇತ್ತು. ಹುಡುಗಿ ಅದೇ ಒಂದು ಗೇಣಿನಲ್ಲಿ, ಏನೂ ತಿಳಿಯದೆ ಪೆಡಲು ತುಳಿಯುತ್ತಿದ್ದಳು.

ಏರು ಬಂದು ಸೈಕಲ್ಲು ತಾನಾಗಿ ನಿಂತಾಗ ಪರಪ್ಪನ ಬೆರಳು ಬಿಚ್ಚಲಿಲ್ಲ. ಕೋಮಲ ಬಂದು ಒಂದೊಂದೇ ಬೆರಳು ಬಿಡಿಸಿದಳು. ಬಿಡಿಸುವಾಗ ಹಿಡಿಕೆ ಜೋಲು ಬಿದ್ದದ್ದು ಅವಳ ಕಣ್ಣಿಗೆ ಬಿತ್ತು.

"ವೈರ್ ಎಲ್ಲ್ಯವರಿ ಕಾಕಾ?"

ಪರಪ್ಪ ಹೇಳಿದ. ಎಲ್ಲ ಹೇಳಿದ. ಮಾತಾಡುತ್ತ ಮಾತಾಡುತ್ತ ಕಟ್ಟೆಯಿಲ್ಲದ ಕಡೆ ನೆಲದ ಮೇಲೇ ಕೂತ. ಹುಡುಗಿ ನಿಂತೇ ಕೇಳಿದಳು. ಆಮೇಲೆ ನಾವ್ಯಾರೂ ಎಂದೂ ಕೇಳದ ಪ್ರಶ್ನೆ ಕೇಳಿದಳು: "ಅವತ್ತ ನೀವು ಹಿಡೀಲಿಲ್ಲಂದ್ರ ಏನ ಆಗತಿತ್ತರಿ?"

"ಏನೂ ಆಗತಿರಲಿಲ್ಲವಾ," ಅಂದ ಪರಪ್ಪ. "ಏನೂ ಆಗತಿರಲಿಲ್ಲ. ಮುಂದ ಹೋಗಿ ಚಾ ಕುಡೀತಿದ್ವಿ."

ಹುಡುಗಿ ಮೂಗು ಒರೆಸಿಕೊಂಡು ಸೈಕಲ್ಲು ಎತ್ತಿದಳು. "ನಾಳಿ ವೈರ್ ಹಾಕಿಸಿಕೊಂಡ ಬರ್ರಿ. ಬ್ರೇಕಿಲ್ಲದವರ ಹಿಂದ ನಾ ಬರಂಗಿಲ್ಲ."

"ಬ್ರೇಕ್ ಇದ್ರ ಹಿಡೀತೇನವಾ ನಾ."

"ಹಿಡೀರಿ. ನೀವು ಹಿಡೀತೀರಿ ಅಂತ ನನಗ ಗೊತ್ತೈತಿ. ಅವತ್ತ ಅಪ್ಪಗ ಗೊತ್ತಿರಲಿಲ್ಲ. ನಾ ಒಂದ ಮಾರು ಬಿಟ್ಟ, ನಿಮ್ಮ ಕೈ ನೋಡಕೋತ ಬರ್ತೇನಿ."

ಐವತ್ತರ ಹತ್ತಿರ ಬಂದ ನನಗೆ, ಸೈಕಲ್ಲಿನಲ್ಲೇ ಕೂದಲು ಹಣ್ಣಾದ ನನಗೆ, ಇಷ್ಟು ಸರಳ ಮಾತು ಹೊಳೆದಿರಲಿಲ್ಲ. ನಾವು ಹಾಡಿನ ಮೇಲೆ ನಂಬಿಕೆ ಇಟ್ಟೆವು, ಮನುಷ್ಯನ ಕೈ ನೋಡಲಿಲ್ಲ.

ಮರುದಿನ ಸೋಮವಾರ ಗಿರಣಿ ತೆರೆಯಲಿಲ್ಲ. ಹೊಸ ವೈರು, ಹೊಸ ರಬ್ಬರು ಹಾಕಿಕೊಟ್ಟಿದ್ದೆ. ನಾನು ಮುಂದೆ, ಪರಪ್ಪ ಹಿಂದೆ, ಒಂದು ಮಾರು ಬಿಟ್ಟು ಕೋಮಲ. ಗಾಳಿ ಜೋರಿತ್ತು, ಅವನು ಹಲ್ಲು ಕಚ್ಚಿ ಅದನ್ನು ಸೀಳುತ್ತಿದ್ದ. ಆ ಮೋರಿ ಬಂತು. ಬೇಗ ದಾಟಿಸಿಬಿಡೋಣವೆಂದು ನಾನು ವೇಗ ಹೆಚ್ಚಿಸಿದೆ. ಮೋಟರ್ ಸೈಕಲ್ಲು ಎರಡು ಸಲ ಕೆಮ್ಮಿ ಬಂದಾಯಿತು. ಪೆಟ್ರೋಲು ರಿಸರ್ವಿಗೆ ಬಂದಿತ್ತು. ಅಷ್ಟು ದೂರ ಒದರುತ್ತ ಬಂದ ಸದ್ದು, ಸರಿಯಾಗಿ ಆ ಕಟ್ಟೆಯ ಪಕ್ಕದಲ್ಲಿ ನಿಂತುಹೋಯಿತು. ಮತ್ತೆ ನಾನೇ. ಯಾ ಅಲ್ಲಾ, ಮತ್ತೆ ನಾನೇ.

ಹಿಂದೆ ಬ್ರೇಕು ಕಿರುಗುಟ್ಟಿತು. ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಏನೂ ಕೇಳಲಿಲ್ಲ. ಹೊರಳಿ ನೋಡುವ ಧೈರ್ಯ ನನಗಾಗಲಿಲ್ಲ. ಕನ್ನಡಿಯಲ್ಲಿ ಪರಪ್ಪನ ಮುಖ ಮಾತ್ರ ಕಾಣುತ್ತಿತ್ತು. ಅವನೂ ಹೊರಳಿ ನೋಡಲಿಲ್ಲ. ಒಂದು ಕಾಲು ಊರಿ, ಮುಂದೆಯೇ ನೋಡುತ್ತ, ತೊದಲಿದ:

"ಅದೀಯೇನ?"

"ಅದೀನ್ರಿ ಕಾಕಾ!"

ನಾನು ಗಾಡಿಯಿಂದ ಇಳಿದು ಓಡಿದೆ. ಅವಳು ಒಂದು ಮಾರು ಹಿಂದೆ ಗಟ್ಟಿಯಾಗಿ ನಿಂತಿದ್ದಳು. ಪರಪ್ಪ ನನ್ನ ಅಂಗಿ ಹಿಡಿದುಕೊಂಡ. "ಎಷ್ಟ ದನಿ ಕೇಳಿದು ನಿನಗ?"

"ಒಂದ ಕೇಳ್ತಲ್ಲೋ. ಹುಡುಗೀದು."

"ನನಗೂ ಒಂದ," ಅಂದ. ಸಮಾಧಾನವಾಗಿರಬೇಕು ಅಂದುಕೊಂಡೆ. ಆದರೆ ಅವನು ಆ ಕಟ್ಟೆಗೆ ತಲೆ ಹಚ್ಚಿ ಬಿಕ್ಕಿ ಬಿಕ್ಕಿ ಅಳತೊಡಗಿದ. ಅನಿಲಕುಮಾರನ ಮಣ್ಣಿಗೂ ಅವನು ಹಾಗೆ ಅತ್ತಿರಲಿಲ್ಲ. "ಹ್ವಾದ ನೋಡ ಶಹಾಬು. ಎಂಟ ವರ್ಷ ಬೆನ್ನ ಬಿಡದಾಂವ, ಇವತ್ತ ಹ್ವಾದ."

ಫೆಬ್ರುವರಿಯಲ್ಲಿ ಕೋಮಲ ಆಯ್ಕೆಯಾದಳು. ಈಗ ವಿಜಯಪುರದ ನಿಲಯದಲ್ಲಿದ್ದಾಳೆ. ಗುಂಡವ್ವ ಜೋಳ ಬೀಸಿಸಲು ಈಗ ಮನೆಯ ಹತ್ತಿರದ ಗಿರಣಿಗೇ ಹೋಗುತ್ತಾಳೆ. ಪರಪ್ಪನ ಕೈ ಕರೆಂಟು ಹೋದಾಗ ಇಂದಿಗೂ ಮುಚ್ಚಿಕೊಳ್ಳುತ್ತದೆ, ಅದು ಹೋಗುವಂಥದ್ದಲ್ಲ.

ಮೊನ್ನೆ ಬೆಳಿಗ್ಗೆ ಅವನು ಒಬ್ಬನೇ ಹೋಗಿ ಬಂದು ನನ್ನ ಅಂಗಡಿಯ ಮುಂದೆ ಇಳಿದ. ಮುಖ ಬಾಡಿತ್ತು. "ಹತ್ತ ಸಲ ಕೂಗಿದೆ," ಅಂದ. "ಯಾರೂ ಇಲ್ಲ."

ಅವನಿಗೆ ಬೇಕಾಗಿದ್ದೂ ಅದೇ, ತಾಳಲಾಗದ್ದೂ ಅದೇ. ಅಂದು ಸಂಜೆ ಅಟ್ಟದಿಂದ ಹಳೆಯ ಸೈಕಲ್ಲು ಇಳಿಸಿ ಎಣ್ಣೆ ಬಿಟ್ಟೆ, ಗಾಲಿಗೆ ಗಾಳಿ ಹೊಡೆದೆ. ಬಾಗಿದರೆ ಹೊಟ್ಟೆ ತೊಡೆಗೆ ಬಡಿಯುತ್ತದೆ, ಎರಡು ಮೈಲಿಗೇ ದಮ್ಮು ಹತ್ತುತ್ತದೆ. ನನ್ನ ತಾಕತ್ತು ಅಷ್ಟೇ, ಗೊತ್ತು. ಆದರೂ ಈಗ ದಿನಾ ಬೆಳಿಗ್ಗೆ ಒಂದು ಮಾರು ಬಿಟ್ಟು, ಅವನ ಕೈ ನೋಡುತ್ತ ಹೋಗುತ್ತೇನೆ. ಅವನು ಹೊರಳಿ ನೋಡದೆ ಕೂಗುತ್ತಾನೆ. ಉಸಿರು ಸಿಗದಿದ್ದರೂ ಒದರುತ್ತೇನೆ, "ಅದೀನಿ."